ಕಪ್ಪು ಬಿಯರ್‌ನಲ್ಲಿ ಅಮಲು ಹೆಚ್ಚೇ? ರಕ್ತ ಹೆಚ್ಚುತ್ತದೆಯೇ, ಕಿಡ್ನಿ ಕಲ್ಲು ಕರಗುತ್ತದೆಯೇ?

ಬೇಸಿಗೆ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಬಿಯರ್ ಬಗ್ಗೆ ಬಗೆಬಗೆಯ ಮಾತುಗಳು ಓಡಾಡುತ್ತವೆ. ‘ಕಪ್ಪು ಬಿಯರ್ ಭಾರೀ ಸ್ಟ್ರಾಂಗ್, ಹಳದಿ ಬಿಯರ್ ಏನೂ ಮಾಡಲ್ಲ.’ ‘ಕಪ್ಪು ಬಿಯರ್ ಕುಡಿದರೆ ರಕ್ತ ಹೆಚ್ಚುತ್ತದೆ.’ ‘ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗಿ ಹೋಗುತ್ತದೆ.’ ಇವು ಬರೀ ತಮಾಷೆಯ ಮಾತುಗಳಾಗಿದ್ದರೆ ನಾವು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇಂಥ ಸಂದೇಶ ನಂಬಿ ಒಬ್ಬರು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಹುದು, ಇನ್ನೊಬ್ಬರು ‘ಹಳದಿದು ತಾನೇ’ ಎಂದು ಕುಡಿದು ಬೈಕ್ ಏರಬಹುದು. ಹಾಗಾಗಿ ಒಂದೊಂದಾಗಿ ನೋಡೋಣ.

ಕಪ್ಪು ಬಣ್ಣ ಎಲ್ಲಿಂದ ಬರುತ್ತದೆ?

ಬಿಯರ್‌ನ ಮೂಲ ಬಾರ್ಲಿ, ಅಂದರೆ ಜವೆಗೋಧಿ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟ್. ಮಕ್ಕಳಿಗೆ ರಾಗಿ ಮಾಲ್ಟ್ ಮಾಡಲು ಮನೆಯಲ್ಲಿ ರಾಗಿಯನ್ನು ಮೊಳಕೆ ಕಟ್ಟುತ್ತೇವಲ್ಲ, ಹೆಚ್ಚೂಕಡಿಮೆ ಅದೇ ಕೆಲಸ. ಒಣಗಿಸುವಾಗ ಶಾಖ ಕಡಿಮೆ ಇಟ್ಟರೆ ಮಾಲ್ಟ್ ತಿಳಿ ಬಣ್ಣದ್ದಾಗುತ್ತದೆ, ಹೆಚ್ಚಿಸಿದರೆ ಕಂದು, ಚೆನ್ನಾಗಿ ಹುರಿದರೆ ಕಪ್ಪು. ಜೋಳದ ರೊಟ್ಟಿ ಹಂಚಿನ ಮೇಲೆ ಬೆಂದಾಗ ಕಂದು ಚುಕ್ಕೆ ಮೂಡಿ ಘಮ ಬರುವುದಕ್ಕೂ, ಹುರಿದ ಶೇಂಗಾದ ವಾಸನೆಗೂ ಕಾರಣ ಇದೇ ಕ್ರಿಯೆ. ಇದಕ್ಕೆ ಮೇಯ್ಯಾರ್ ಕ್ರಿಯೆ ಎಂದು ಹೆಸರು.

ಜರ್ಮನಿಯಲ್ಲಿ ಎರಡು ಬಗೆಯ ಕಪ್ಪು ಲಾಗರ್ ಹೆಸರುವಾಸಿ. ಬವೇರಿಯಾ ಪ್ರಾಂತದ ‘ಡುಂಕೆಲ್’ ಕಂದು ಬಣ್ಣದ್ದು, ಆ ಪದದ ಅರ್ಥವೇ ‘ಗಾಢ’. ಇನ್ನೊಂದು ‘ಶ್ವಾರ್ಟ್ಸ್‌ಬಿಯರ್’, ಅಂದರೆ ಕಪ್ಪು ಬಿಯರ್. ಇದರಲ್ಲಿ ಬಹುಪಾಲು ತಿಳಿ ಮಾಲ್ಟೇ ಇರುತ್ತದೆ. ಕಪ್ಪಗೆ ಹುರಿದ ಮಾಲ್ಟನ್ನು ಸ್ವಲ್ಪವೇ ಬೆರೆಸಿದರೂ ಇಡೀ ಬಿಯರ್ ಕಪ್ಪಾಗುತ್ತದೆ. ಒಂದು ಚಮಚ ಕಾಫಿ ಡಿಕಾಕ್ಷನ್ ಲೋಟದ ಹಾಲಿನ ಬಣ್ಣವನ್ನೇ ಬದಲಿಸುವ ಹಾಗೆ.

ಬಣ್ಣ ಕೊಡುವುದು ಹುರಿಯುವಿಕೆ. ಅಮಲು ಕೊಡುವುದು ಸಕ್ಕರೆ. ಮಾಲ್ಟ್‌ನಿಂದ ಬಂದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಕಪ್ಪಗೆ ಹುರಿದ ಕಾಳಿನಿಂದ ಯೀಸ್ಟ್‌ಗೆ ಸಿಗುವ ಸಕ್ಕರೆ ಕಡಿಮೆಯೇ. ಹೀಗಾಗಿ ಬಣ್ಣಕ್ಕೂ ಅಮಲಿಗೂ ನೇರ ಸಂಬಂಧ ಇಲ್ಲ. ಬೀದರ್‌ನವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿದರಿ ಹೂಜಿಯ ಸತು-ತಾಮ್ರದ ಮಿಶ್ರಲೋಹ ಮೊದಲು ಬೂದು ಬಣ್ಣದ್ದೇ. ಕೋಟೆಯ ಮಣ್ಣು, ನವಸಾಗರ ಸೇರಿಸಿದ ದ್ರಾವಣ ತಗುಲಿದ ಮೇಲೆ ಅದು ಕಪ್ಪಾಗುತ್ತದೆ. ಆ ಕಪ್ಪು ನೋಡಿ ಹೂಜಿಯ ತೂಕ ಹೇಳಲು ಆಗುತ್ತದೆಯೇ?

ಲಾಗರ್ ಅಂದರೆ ಏನು?

ಲಾಗರ್ ಎಂಬುದು ಬಣ್ಣದ ಹೆಸರಲ್ಲ, ತಯಾರಿಸುವ ವಿಧಾನದ ಹೆಸರು. ಜರ್ಮನ್ ಭಾಷೆಯಲ್ಲಿ ‘ಲಾಗರ್ನ್’ ಎಂದರೆ ಸಂಗ್ರಹಿಸಿ ಇಡುವುದು. ನಮ್ಮ ಭಾಗದ ಹಿರಿಯರಿಗೆ ಸೇಂದಿ ಗೊತ್ತು. ಬೆಳಿಗ್ಗೆ ಈಚಲು ಮರದಿಂದ ಇಳಿಸಿದ ರಸ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಲಾಗರ್ ಇದಕ್ಕೆ ತದ್ವಿರುದ್ಧ. ಅದರ ಯೀಸ್ಟ್ ಸುಮಾರು 8ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ಆಮೇಲೆ ಬಿಯರನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ವಾರಗಟ್ಟಲೆ ಇಡುತ್ತಾರೆ. ಆಗ ಕದಡು ತಳಕ್ಕೆ ಇಳಿದು ರುಚಿ ಹದಕ್ಕೆ ಬರುತ್ತದೆ.

ಫ್ರಿಡ್ಜ್ ಇಲ್ಲದ ಕಾಲದಲ್ಲಿ ಇದಕ್ಕೆ ಚಳಿಗಾಲವೇ ಬೇಕಿತ್ತು. ಬೇಸಿಗೆಯಲ್ಲಿ ಬಿಯರ್ ಕೆಡುತ್ತಿದ್ದ ಕಾರಣ 1553ರಲ್ಲಿ ಬವೇರಿಯಾದ ಆಡಳಿತ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ತಯಾರಿಸಬೇಕೆಂದು ನಿಯಮ ಮಾಡಿತು. ಬೇಸಿಗೆಗೆ ಬೇಕಾದ ಬಿಯರನ್ನು ನೆಲಮಾಳಿಗೆಗಳಲ್ಲಿ, ಕೆರೆಗಳಿಂದ ಕಡಿದು ತಂದ ಮಂಜುಗಡ್ಡೆಯ ಜೊತೆ ಇಡುತ್ತಿದ್ದರು. ಬೀದರ್‌ನಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ 10 ಡಿಗ್ರಿ ಹತ್ತಿರಕ್ಕೆ ಇಳಿಯುವುದುಂಟು, ಆದರೆ ಬೆಳಗಾದರೆ ಮತ್ತೆ ಬಿಸಿಲು. ಇಂಥ ಹವೆಯಲ್ಲಿ ಯಂತ್ರವಿಲ್ಲದೆ ಲಾಗರ್ ಮಾಡುವುದು ಕಷ್ಟ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಎಂಜಿನಿಯರ್ ಮ್ಯೂನಿಕ್‌ನ ಬಿಯರ್ ಕಾರ್ಖಾನೆಗಾಗಿ ತಂಪುಗೊಳಿಸುವ ಯಂತ್ರ ರೂಪಿಸಿದ ಮೇಲೆ ಬಿಸಿ ದೇಶಗಳಲ್ಲೂ ಲಾಗರ್ ಸಾಧ್ಯವಾಯಿತು. ಬೀದರ್‌ನಿಂದ ಹೈದರಾಬಾದ್‌ಗೆ ಹೋಗುವ ದಾರಿಯಲ್ಲಿ ಸಿಗುವ ಸಂಗಾರೆಡ್ಡಿ ಜಿಲ್ಲೆಯಲ್ಲಿ ಇವತ್ತು ದೊಡ್ಡ ಬಿಯರ್ ಕಾರ್ಖಾನೆಗಳೇ ಇವೆ.

ಇನ್ನೊಂದು ವಿಷಯ. ಹಳೆಯ ಕಾಲದ ಬವೇರಿಯಾದ ಲಾಗರ್‌ಗಳು ಕಂದು ಬಣ್ಣದವೇ ಆಗಿದ್ದವು. ಮಾಲ್ಟನ್ನು ಬೆಂಕಿಯ ಶಾಖದಲ್ಲಿ ತಿಳಿಯಾಗಿ, ಒಂದೇ ಸಮನಾಗಿ ಒಣಗಿಸುವುದು ಕಷ್ಟವಿತ್ತು. ಜೊತೆಗೆ ಮಾಲ್ಟ್ ಹಿಟ್ಟಿನ ಗಂಜಿಯಲ್ಲಿ ಒಂದು ಪಾಲು ತೆಗೆದು, ಬೇರೆ ಪಾತ್ರೆಯಲ್ಲಿ ಕುದಿಸಿ, ಮತ್ತೆ ಮೊದಲಿನದಕ್ಕೇ ಸುರಿಯುವ ಪದ್ಧತಿ ಇತ್ತು. ಥರ್ಮಾಮೀಟರ್ ಇಲ್ಲದೆ ಬಿಸಿಯನ್ನು ಹದಕ್ಕೆ ತರುವ ಉಪಾಯ ಅದು. ಕುದಿಸಿದಾಗ ಬಣ್ಣ ಇನ್ನಷ್ಟು ಗಾಢವಾಗುತ್ತಿತ್ತು. 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸೆನ್ ನಗರದಲ್ಲಿ ಯೋಸೆಫ್ ಗ್ರೋಲ್ ಹೊಂಬಣ್ಣದ ಲಾಗರ್ ತಯಾರಿಸಿದ. ನಮ್ಮ ಅಂಗಡಿಗಳ ಹಳದಿ ಬಿಯರ್ ಅದೇ ವಂಶದ್ದು. ಅಂದರೆ ಕಪ್ಪು ಎಂಬುದು ‘ಸ್ಪೆಷಲ್ ಸ್ಟ್ರಾಂಗ್’ ಅಲ್ಲ, ಹಳೆಯ ಸಾಮಾನ್ಯ ಬಣ್ಣ.

ಹಾಗಾದರೆ ನಿಜವಾಗಿ ಸ್ಟ್ರಾಂಗ್ ಯಾವುದು?

ಡುಂಕೆಲ್ ಮತ್ತು ಶ್ವಾರ್ಟ್ಸ್‌ಬಿಯರ್‌ಗಳಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 5ರ ಆಸುಪಾಸು. ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಶೇ 5ಕ್ಕಿಂತ ಹೆಚ್ಚು, ಶೇ 8ರವರೆಗೆ ಇದ್ದರೆ ಅದು ‘ಸ್ಟ್ರಾಂಗ್’ ಬಿಯರ್. ನಮ್ಮಲ್ಲಿ ಹೆಚ್ಚು ಮಾರಾಟವಾಗುವುದು ಈ ಸ್ಟ್ರಾಂಗ್ ಬಿಯರ್, ಮತ್ತು ಅದರ ಬಣ್ಣ ಸಾಮಾನ್ಯವಾಗಿ ಹಳದಿ!

ಲೆಕ್ಕ ಹಾಕೋಣ. 650 ಮಿ.ಲೀ. ಬಾಟಲಿಯಲ್ಲಿ ಶೇ 5 ಎಂದರೆ 32.5 ಮಿ.ಲೀ. ಶುದ್ಧ ಆಲ್ಕೋಹಾಲ್. ಶೇ 8 ಎಂದರೆ 52 ಮಿ.ಲೀ. ಶೇ 42.8 ಆಲ್ಕೋಹಾಲ್ ಇರುವ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿ ಇರುವುದು ಸುಮಾರು 13 ಮಿ.ಲೀ. ಅಂದರೆ ಶೇ 8ರ ಒಂದು ಹಳದಿ ಬಾಟಲಿ ನಾಲ್ಕು ಪೆಗ್ ವಿಸ್ಕಿಗೆ ಸಮ. ‘ಬರೀ ಬಿಯರ್’ ಎನ್ನುವವರು ಇದನ್ನು ಗಮನಿಸಬೇಕು. ನಮ್ಮ ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲ್ ಮಾತ್ರ ಕರಗಿಸಬಲ್ಲದು. ಈ ಒಂದು ಬಾಟಲಿಯ 41 ಗ್ರಾಂ ಕರಗಲು ನಾಲ್ಕರಿಂದ ಆರು ಗಂಟೆ ಬೇಕು. ಮದುವೆ ಊಟ ಮುಗಿಸಿ ಭಾಲ್ಕಿಯಿಂದ ಬೀದರ್‌ಗೋ, ಔರಾದ್‌ನಿಂದ ಉದಗೀರ್‌ಗೋ ಬೈಕ್‌ನಲ್ಲಿ ಹೊರಡುವವರಿಗೆ ಅಷ್ಟು ಹೊತ್ತು ಕಾಯುವ ವ್ಯವಧಾನ ಇರುತ್ತದೆಯೇ? ಕಾನೂನಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ವಾಹನ ಓಡಿಸುವುದು ಅಪರಾಧ.

ರಕ್ತ ಹೆಚ್ಚುತ್ತದೆ ಎಂಬುದು ನಿಜವೇ?

ಇಲ್ಲ. ಕಪ್ಪು ಬಿಯರ್‌ನಲ್ಲಿ ಹಳದಿಗಿಂತ ತುಸು ಹೆಚ್ಚು ಕಬ್ಬಿಣಾಂಶ ಇರುವುದು ಸ್ಪೇನ್‌ನ ಒಂದು ಅಧ್ಯಯನದಲ್ಲಿ ಕಂಡಿದೆ. ಆದರೆ ಎಷ್ಟು? ಲೀಟರಿಗೆ ಸುಮಾರು 0.12 ಮಿಲಿಗ್ರಾಂ. ಭಾರತೀಯ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಐಸಿಎಂಆರ್ ಹೇಳುತ್ತದೆ. ಅಷ್ಟನ್ನು ಬಿಯರ್‌ನಿಂದಲೇ ಪಡೆಯಲು 240 ಲೀಟರ್ ಕುಡಿಯಬೇಕು! ರಕ್ತಹೀನತೆ ಇರುವವರಿಗೆ ಸೊಪ್ಪು, ಕಾಳು, ಮಾಂಸ ಮತ್ತು ವೈದ್ಯರು ಕೊಡುವ ಕಬ್ಬಿಣದ ಮಾತ್ರೆಯೇ ದಾರಿ.

ಕಿಡ್ನಿ ಕಲ್ಲು ಕರಗುತ್ತದೆಯೇ?

ಇದೇ ಎಲ್ಲಕ್ಕಿಂತ ಅಪಾಯಕಾರಿ ಸಂದೇಶ. ಬಿಯರ್ ಕುಡಿಯುವವರಲ್ಲಿ ಹೊಸ ಕಲ್ಲು ಮೂಡುವುದು ಕಡಿಮೆ ಎಂದು ಕೆಲವು ಅಧ್ಯಯನಗಳಲ್ಲಿ ಕಂಡದ್ದು ಹೌದು. ಫಾರ್ವರ್ಡ್‌ಗಳು ಇದನ್ನೇ ತಿರುಚಿ ಹೇಳುತ್ತವೆ. ಹೊಸ ಕಲ್ಲು ಮೂಡದಿರುವುದು ಬೇರೆ, ಇರುವ ಕಲ್ಲು ಕರಗುವುದು ಬೇರೆ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ ಆದವು, ಅವನ್ನು ಬಿಯರ್ ಕರಗಿಸುವುದಿಲ್ಲ. ಮೂತ್ರ ಹೆಚ್ಚಾಗಲಿ ಎಂದರೆ ನೀರು ಸಾಕು. ಬಿಯರ್‌ನಲ್ಲಿರುವ ಪ್ಯೂರಿನ್ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ, ಅದರಿಂದಲೂ ಒಂದು ಬಗೆಯ ಕಲ್ಲು ಆಗುತ್ತದೆ. ಕಲ್ಲು ಮೂತ್ರದ ದಾರಿ ಕಟ್ಟಿ, ಜ್ವರ, ಚಳಿ, ವಾಂತಿ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಕಿಡ್ನಿಗೇ ಕುತ್ತು.

‘ದೇಹಕ್ಕೆ ತಂಪು’ ಎಂಬುದೂ ಹೀಗೆಯೇ. ಬಾಟಲಿ ತಣ್ಣಗಿರುತ್ತದೆ ಅಷ್ಟೇ. ಆಲ್ಕೋಹಾಲ್ ದೇಹದಿಂದ ಹೆಚ್ಚು ನೀರನ್ನು ಹೊರಹಾಕಿಸುತ್ತದೆ. ಬಿಸಿಲಲ್ಲಿ ದುಡಿದು ಬಂದವರಿಗೆ ಬೇಕಾದದ್ದು ನೀರು, ಮಜ್ಜಿಗೆ, ಓಆರ್‌ಎಸ್.

ಫಾರ್ವರ್ಡ್ ಮಾಡುವ ಮುನ್ನ

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ: ಆರೋಗ್ಯಕ್ಕೆ ಪೂರ್ತಿ ಸುರಕ್ಷಿತ ಎನ್ನಬಹುದಾದ ಆಲ್ಕೋಹಾಲ್ ಪ್ರಮಾಣ ಯಾವುದೂ ಇಲ್ಲ. ಕಪ್ಪಾಗಲಿ, ಹಳದಿಯಾಗಲಿ, ಮಾತು ಒಂದೇ. ಜರ್ಮನಿಯ ಲಾಗರ್ ಪದ್ಧತಿ ತಿಳಿಯಲು ಸ್ವಾರಸ್ಯಕರ, ಆದರೆ ಅದರಿಂದ ಬಿಯರ್ ಔಷಧಿ ಆಗುವುದಿಲ್ಲ.

ನಿಮ್ಮ ಗುಂಪಿಗೆ ಇಂಥ ಸಂದೇಶ ಬಂದರೆ ಜಗಳ ಬೇಡ. ಇಷ್ಟನ್ನು ಕಳಿಸಿ: ‘ಬಿಯರ್‌ನ ಬಣ್ಣ ನೋಡಬೇಡಿ, ಲೇಬಲ್ ಮೇಲಿನ ಶೇಕಡಾ ಅಂಕಿ ನೋಡಿ. ಶೇ 8ರ ಒಂದು ಬಾಟಲಿ ಎಂದರೆ ನಾಲ್ಕು ಪೆಗ್. ಕುಡಿದರೆ ಗಾಡಿ ಓಡಿಸಬೇಡಿ. ಕಿಡ್ನಿ ಕಲ್ಲಿನ ನೋವಿಗೆ ಬಾರ್ ಅಲ್ಲ, ಆಸ್ಪತ್ರೆ.’