ಎರಡನೇ ಡಿಸ್ಕಿನ ಟಕ್ ಟಕ್

ಆಷಾಢದ ಜಿಟಿಜಿಟಿ ಮಳೆ. ಹುಣಸೂರಿನ ನಮ್ಮ ಮನೆಯಲ್ಲಿ ಬೆಳಗಿನಿಂದ ಮೂರು ಸಲ ಕರೆಂಟ್ ಹೋಗಿ ಬಂದಿತ್ತು. ಮಧ್ಯಾಹ್ನ ಊಟ ಮುಗಿಸಿ, ಮಹಿಳಾ ಸಂಘದ ಲೆಕ್ಕ ಟೈಪ್ ಮಾಡೋಣ ಅಂತ ಕಂಪ್ಯೂಟರ್ ಆನ್ ಮಾಡಿದೆ. ದಿನಾ ಎರಡು ನಿಮಿಷಕ್ಕೆ ತೆರೆದುಕೊಳ್ಳುತ್ತಿದ್ದುದು ಅವತ್ತು ಹತ್ತು ನಿಮಿಷವಾದರೂ ಗಿರಗಿರ ಸುತ್ತುತ್ತಲೇ ಇತ್ತು. ಜೊತೆಗೆ ಸಿಪಿಯು ಡಬ್ಬದೊಳಗಿಂದ ಟಕ್... ಟಕ್... ಟಕ್...

"ಹಲ್ಲಿ ಇರಬೇಕು ಬಿಡು" ಅಂದರು ನಮ್ಮ ಮನೆಯವರು, ಪೇಪರಿನಿಂದ ತಲೆ ಎತ್ತದೆ.

ಹಲ್ಲಿಯಾಗಿದ್ದರೆ ಈ ಸಲದ ಅಂಕಣಕ್ಕೆ ಬೇರೆ ವಿಷಯ ಹುಡುಕುತ್ತಿದ್ದೆ.

ನಮ್ಮ ಕಂಪ್ಯೂಟರಿನಲ್ಲಿ ಎರಡು ಹಾರ್ಡ್ ಡಿಸ್ಕ್ ಇವೆ. ಮೊದಲನೆಯದರಲ್ಲಿ ವಿಂಡೋಸ್. ಅದು ತುಂಬಿಹೋಯಿತು ಅಂತ 2016ರಲ್ಲಿ 1 ಟಿಬಿಯ ಎರಡನೆಯದನ್ನು ಹಾಕಿಸಿದ್ದೆವು. ಮುಖ್ಯವಾದದ್ದೆಲ್ಲ ಅಲ್ಲಿ ಭದ್ರವಾಗಿರಲಿ ಅಂತ ನಾನೇ ಕೂತು ಒಂದೊಂದೇ ಫೋಲ್ಡರನ್ನು ಅದಕ್ಕೆ ಸಾಗಿಸಿದ್ದೆ. ಕಾಪಿ ಮಾಡಲಿಲ್ಲ, ಕಟ್ ಮಾಡಿ ಪೇಸ್ಟ್ ಮಾಡಿದೆ. ನನ್ನ ತಪ್ಪು ಅಲ್ಲೇ ಶುರುವಾದದ್ದು. ಮಕ್ಕಳ ಫೋಟೊ, ಮನೆ ಪತ್ರಗಳ ಸ್ಕ್ಯಾನು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅತ್ತೆಯ ಸೋಬಾನೆ ಪದಗಳು, ಎಲ್ಲವೂ ಅದೊಂದರಲ್ಲೇ.

ಅತ್ತೆ ಎಚ್.ಡಿ. ಕೋಟೆ ಕಡೆಯವರು. ಓದು ಬರಹ ಗೊತ್ತಿಲ್ಲ, ಪದ ಮಾತ್ರ ಗಂಟೆಗಟ್ಟಲೆ ಬರೋದು. 2015ರ ದೀಪಾವಳಿಗೆ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಹಾಡಿದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ಆಮೇಲೂ ಆಗಾಗ ಹಾಡಿಸಿ ಒಟ್ಟು 23 ಪದ ಆಗಿದ್ದವು. ಒಂದರಲ್ಲಂತೂ ನಡುವೆ ಹಾಡು ನಿಲ್ಲಿಸಿ ಕೋಳಿಯನ್ನು ಬೈದು ಓಡಿಸಿ, ಬಿಟ್ಟ ಜಾಗದಿಂದಲೇ ಮತ್ತೆ ಎತ್ತಿಕೊಳ್ಳುತ್ತಾರೆ. 2019ರಲ್ಲಿ ಅತ್ತೆ ತೀರಿಕೊಂಡರು. ಆ ಹಳೇ ಫೋನೂ ಎಂದೋ ಕೆಟ್ಟುಹೋಗಿತ್ತು.

ಪಿರಿಯಾಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಕ್ಕನ ಮಗನಿಗೆ ಫೋನ್ ಮಾಡಿ, ಶಬ್ದ ಕೇಳಿಸಲಿ ಅಂತ ಡಬ್ಬದ ಹತ್ತಿರ ಹಿಡಿದೆ.

"ಚಿಕ್ಕಮ್ಮ, ಮೊದಲು ಆಫ್ ಮಾಡಿ. ಆಮೇಲೆ ಮಾತಾಡೋಣ."

ಅವನು ವಿವರಿಸಿದ್ದು ಇಷ್ಟು. ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ತಲೆ ಅದಕ್ಕೆ ತಾಗದೆ, ಕೂದಲೆಳೆಯ ಸಾವಿರ ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತದೆ. ತಲೆಗೆ ತನ್ನ ಜಾಗ ಸಿಗದಿದ್ದಾಗ ವಾಪಸ್ ಹೋಗಿ ಮತ್ತೆ ಹುಡುಕುತ್ತದೆ. ಟಕ್ ಅನ್ನೋದು ಆ ಓಡಾಟದ ಸದ್ದು. ಹಾಗೇ ಓಡಿಸುತ್ತಾ ಕೂತರೆ ತಟ್ಟೆಗೇ ಗೀರು ಬೀಳಬಹುದು.

"ಪ್ಲಗ್ ಕಿತ್ತು ಪಕ್ಕದ ಮುಚ್ಚಳ ತೆಗೀರಿ. ಎರಡನೇ ಡಿಸ್ಕಿಗೆ ಹೋಗಿರೋ ಎರಡು ಕೇಬಲ್ ಬಿಚ್ಚಿ, ಅದನ್ನ ಬಿಟ್ಟು ಆನ್ ಮಾಡಿ ನೋಡಿ" ಅಂದ. ಸಣ್ಣದು ಮಾಹಿತಿಯ ಕೇಬಲ್, ಅಗಲದ್ದು ಕರೆಂಟಿನದು. ಎರಡನ್ನೂ ಬಿಚ್ಚಿ ಆನ್ ಮಾಡಿದೆ. ಎರಡೇ ನಿಮಿಷಕ್ಕೆ ಕಂಪ್ಯೂಟರ್ ತೆರೆದುಕೊಂಡಿತು! ಅಂದರೆ ವಿಂಡೋಸ್ ಚೆನ್ನಾಗಿದೆ, ಮೊದಲನೇ ಡಿಸ್ಕೂ ಚೆನ್ನಾಗಿದೆ. ಎರಡನೆಯದು ಉತ್ತರ ಕೊಡಲಿ ಅಂತ ಇಡೀ ಕಂಪ್ಯೂಟರ್ ಕಾಯುತ್ತಾ ನಿಂತಿತ್ತು, ಅಷ್ಟೇ.

ಮಾರನೇ ಸಂಜೆ ಹುಡುಗ ಬಸ್ ಹತ್ತಿ ಬಂದ. ಮೊದಲು ಮಾಹಿತಿಯ ಕೇಬಲ್ ಬದಲಿಸಿದ. ಕರೆಂಟಿನ ಕೇಬಲ್ಲು ಒಂದಕ್ಕೊಂದು ಕೊಂಡಿ ಹಾಕಿ ಕವಲೊಡೆಸಿದ್ದಾಗಿತ್ತು. ಅದನ್ನು ಕಿತ್ತು ಎಸ್‌ಎಂಪಿಎಸ್‌ನಿಂದ ನೇರ ಕೊಟ್ಟ. ಎಷ್ಟೋ ಸಲ ಕೇಬಲ್ ಸಡಿಲವಾಗಿದ್ದರೂ, ಕರೆಂಟ್ ಸಾಲದಿದ್ದರೂ ಡಿಸ್ಕ್ ಹೀಗೇ ಆಡುತ್ತದಂತೆ. ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ.

ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೊ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ತೋರಿಸಿದ. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ, ಇದು ಅದನ್ನು ಓದಿ ಹೇಳುತ್ತದೆ. ನೀಲಿ ಬಂದರೆ ಕ್ಷೇಮ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಕೆಟ್ಟಿದೆ ಅಂತ. ನಮ್ಮದು ಹಳದಿ.

ಆ ಪಟ್ಟಿಯಲ್ಲಿ ನೋಡಬೇಕಾದ ಸಾಲು ಮೂರು. ಸಿ7 ಅನ್ನುವ ಸಾಲಿನ ಅಂಕಿ ಏರುತ್ತಿದ್ದರೆ ಹೆಚ್ಚಾಗಿ ತೊಂದರೆ ಕೇಬಲಿನದು. 05 ಏರುತ್ತಿದ್ದರೆ ಡಿಸ್ಕಿನದೇ. ಹೊಗೆಸೊಪ್ಪಿನ ಹೊಲದಲ್ಲಿ ಸತ್ತ ಸಸಿಯ ಜಾಗಕ್ಕೆ ಮಡಿಯಲ್ಲಿ ಉಳಿಸಿಕೊಂಡ ಸಸಿ ತಂದು ನೆಡುತ್ತೇವಲ್ಲ, ಡಿಸ್ಕಿನಲ್ಲೂ ಹಾಗೆ ಮೀಸಲು ಜಾಗ ಇರುತ್ತದೆ. ಹಾಳಾದ ಜಾಗಕ್ಕೆ ಬದಲಾಗಿ ಮೀಸಲಿನಿಂದ ಎಷ್ಟು ತೆಗೆದುಕೊಂಡಿದೆ ಅನ್ನೋದು 05ರ ಲೆಕ್ಕ. ಇನ್ನು ಸಿ5 ಅಂದರೆ, ಓದೋಕೆ ಆಗುತ್ತಿಲ್ಲ, ಏನು ಮಾಡೋದು ಅಂತ ಇನ್ನೂ ತೀರ್ಮಾನವಾಗದ ಜಾಗಗಳು. ನಮ್ಮ ಡಿಸ್ಕಿನಲ್ಲಿ 05, ಸಿ5 ಎರಡೂ ಏರಿದ್ದವು.

ಅಷ್ಟರಲ್ಲಿ ವಿಂಡೋಸೇ, ಡ್ರೈವ್‌ನಲ್ಲಿ ತೊಂದರೆ ಇದೆ, ಸರಿ ಮಾಡಲೇ ಅಂತ ಕೇಳಿತು. "ಒತ್ತೋ, ಸರಿಯಾಗುತ್ತೆ" ಅಂದರು ನಮ್ಮವರು.

"ಬೇಡ ಚಿಕ್ಕಪ್ಪ. ಸೋರೋ ಮನೆಯಿಂದ ಮೊದಲು ಅಕ್ಕಿ ಮೂಟೆ ಆಚೆ ತರಬೇಕು. ಹೆಂಚು ಕೈಯಾಡಿಸೋದು ಆಮೇಲೆ."

ರಿಪೇರಿ ಅನ್ನುವ ಕೆಲಸ ಇಡೀ ಡಿಸ್ಕನ್ನು ಮೂಲೆಮೂಲೆಗೂ ಓದಿಸುತ್ತದೆ. ಸಾಯುತ್ತಿರುವ ಡಿಸ್ಕು ಆ ಶ್ರಮಕ್ಕೇ ಸತ್ತುಹೋಗಬಹುದು. ಫಾರ್ಮ್ಯಾಟ್ ಮಾಡಲೇ ಅಂತ ಕೇಳಿದರಂತೂ ಬೇಡ ಅಂತಲೇ ಒತ್ತಬೇಕು.

"ಮೊದಲು ಏನು ತೆಗೀಲಿ?" ಅಂತ ಕೇಳಿದ. ಒಂದು ಕ್ಷಣ ತಬ್ಬಿಬ್ಬಾದೆ. ಮನೆ ಪತ್ರದ ಅಸಲು ಬೀರುವಿನಲ್ಲಿದೆ. ಮಕ್ಕಳ ಫೋಟೊ ಒಂದಷ್ಟು ಆಲ್ಬಮ್ಮಿನಲ್ಲಿವೆ. ಅತ್ತೆಯ ಧ್ವನಿ ಬೇರೆಲ್ಲೂ ಇಲ್ಲ. "ಪದ" ಅಂದೆ.

23ರಲ್ಲಿ 19 ಸಲೀಸಾಗಿ ಪೆನ್‌ಡ್ರೈವಿಗೆ ಬಂದವು. ನಾಲ್ಕು ಅರ್ಧಕ್ಕೇ ನಿಂತವು. ಹುಡುಗ ಮತ್ತೆ ಮತ್ತೆ ಪ್ರಯತ್ನಿಸಲಿಲ್ಲ. ಲಿನಕ್ಸ್ ಇದ್ದ ಇನ್ನೊಂದು ಪೆನ್‌ಡ್ರೈವಿನಿಂದ ಕಂಪ್ಯೂಟರ್ ತೆರೆದು, ಡಿಡಿರೆಸ್ಕ್ಯೂ ಅನ್ನುವುದನ್ನು ಹಾಕಿ, ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಲು ಬಿಟ್ಟ. ಅದು ಸುಲಭವಾಗಿ ಸಿಗುವುದನ್ನು ಮೊದಲು ಬಾಚಿಕೊಂಡು, ಕಷ್ಟದ ಜಾಗಕ್ಕೆ ಕೊನೆಗೆ ಕೈ ಹಾಕುತ್ತದೆ. ಎಲ್ಲಿವರೆಗೆ ಬಂದೆ ಅಂತ ಗುರುತು ಬರೆದಿಟ್ಟುಕೊಳ್ಳುತ್ತದೆ. ರಾತ್ರಿ ಕರೆಂಟ್ ಹೋಗಿ, ಯುಪಿಎಸ್ಸೂ ಕೂಗಿ ಕೂಗಿ ಸುಮ್ಮನಾದಾಗ ನನ್ನ ಎದೆ ಧಸಕ್ಕೆಂದಿತು. ಬೆಳಿಗ್ಗೆ ಬಿಟ್ಟ ಜಾಗದಿಂದಲೇ ಮತ್ತೆ ಶುರು ಮಾಡಿತು, ಕೋಳಿ ಓಡಿಸಿ ಬಂದ ಅತ್ತೆಯ ಹಾಗೆ.

ಈ ಮಧ್ಯೆ ಬಂದ ಸಲಹೆಗಳಿಗೆ ಲೆಕ್ಕವಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ ಅಂದವರೊಬ್ಬರು. ಆಚೆ ತೆಗೆದಾಗ ಒಳಗೆ ನೀರು ಬೆವರಿದರೆ ಇದ್ದದ್ದೂ ಹೋಯಿತು. ಮುಚ್ಚಳ ಬಿಚ್ಚಿ ಒರೆಸಿ ಅಂದವರು ಇನ್ನೊಬ್ಬರು. ಅಷ್ಟು ಸಣ್ಣ ಅಂತರದಲ್ಲಿ ತೇಲುವ ತಲೆಗೆ ಒಂದು ಧೂಳಿನ ಕಣವೂ ಬಂಡೆಯೇ. ಡಿಸ್ಕ್ ಸ್ವಲ್ಪವೂ ಓದದೆ ಬರೀ ಟಕ್ ಟಕ್ ಅನ್ನುತ್ತಿದ್ದು, ಒಳಗಿರೋದು ಕಳೆದುಕೊಳ್ಳಲಾರದ್ದಾದರೆ ಮನೆಯಲ್ಲಿ ಏನೂ ಮಾಡಬೇಡಿ. ಬೆಂಗಳೂರಿನಂಥ ಊರುಗಳಲ್ಲಿ ಮಾಹಿತಿ ಹೊರತೆಗೆಯುವುದನ್ನೇ ಕಸುಬಾಗಿಸಿಕೊಂಡವರು ಇದ್ದಾರೆ. ದುಡ್ಡು ಸಾವಿರಗಟ್ಟಲೆ ಕೇಳುತ್ತಾರೆ, ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆಯಿಲ್ಲ. ಆದರೂ ಅದೇ ದಾರಿ.

ಎರಡು ರಾತ್ರಿ ಕಳೆದ ಮೇಲೆ ಇನ್ನೆರಡು ಪದ ಸಿಕ್ಕವು, ನಡುನಡುವೆ ಕರಕರ ಅನ್ನುತ್ತವೆ. ಎರಡು ಹೋದವು.

ಅತ್ತೆ ಬಿತ್ತನೆ ರಾಗಿಯನ್ನು ಒಂದೇ ಕಡೆ ಇಟ್ಟವರಲ್ಲ. ಮನೆಯಲ್ಲಿ ಒಂದಷ್ಟು, ತವರಲ್ಲಿ ಒಂದಷ್ಟು, ಮಗಳ ಮನೆಯಲ್ಲಿ ಒಂದಷ್ಟು. "ನಮ್ದು ಹುಳ ಬಿದ್ರೆ ಅವರತ್ರ ಈಸ್ಕೊಬೋದು ಕಣವ್ವ" ಅನ್ನೋರು. ಇಷ್ಟು ವರ್ಷ ಕೇಳಿಸಿಕೊಂಡು, ಅವರ ಧ್ವನಿಯನ್ನೇ ನಾನು ಒಂದೇ ಕಡೆ ಇಟ್ಟೆ. ಡಬ್ಬದಲ್ಲಿ ಎರಡು ಡಿಸ್ಕ್ ಇದ್ದರೆ ಏನು ಬಂತು? ಒಂದೊಂದು ವಸ್ತುವೂ ಇದ್ದದ್ದು ಒಂದರಲ್ಲೇ. ಎರಡರಲ್ಲೂ ಇಟ್ಟಿದ್ದರೂ ಒಂದು ಸಿಡಿಲಿಗೆ, ಒಬ್ಬ ಕಳ್ಳನಿಗೆ ಆ ಡಬ್ಬ ಒಂದೇ.

ಕಂಪ್ಯೂಟರ್ ಬಲ್ಲವರು ಇದಕ್ಕೆ 3-2-1 ಅನ್ನುತ್ತಾರಂತೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲೊಂದು ಮನೆಯಿಂದ ಹೊರಗೆ. ಈಗ ಪದಗಳು ಹೊಸ ಡಿಸ್ಕಿನಲ್ಲಿವೆ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಜಾಗದಲ್ಲಿವೆ. ಮೂರನೆಯದನ್ನು ಹೊರಗಿನಿಂದ ಚುಚ್ಚುವ ಸಣ್ಣ ಡಿಸ್ಕಿಗೆ ಹಾಕಿ, ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಕೆ.ಆರ್. ನಗರದ ನಾದಿನಿಗೆ ಕೊಟ್ಟೆ.

"ಇದೇನತ್ತಿಗೆ, ಮೊರದ ಜೊತೆ ಕಬ್ಬಿಣ?" ಅಂತ ನಕ್ಕಳು. ಕೂರಿಸಿ ಕೇಳಿಸಿದೆ. ಅವ್ವನ ದನಿ ಬಂದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಹೋದ ಎರಡು ಪದ ಯಾವುವು ಅಂತ ಹೇಳಿದಾಗ, ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಣ್ಣು ಒಪ್ಪಿಸುವ ಪದದ ಮೊದಲರ್ಧ ಹಾಡಿದಳು. ನಾನು ಫೋನ್ ಒತ್ತಿದೆ. ಅವತ್ತು ರಾತ್ರಿಯೇ ಅದರದ್ದೂ ಮೂರು ಪ್ರತಿ ಆಯಿತು.

ಉಳಿದರ್ಧ ಅವಳಿಗೆ ನೆನಪಿಲ್ಲ. ಇನ್ನೊಂದು ಪದ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಒಂದೇ ಕಡೆ ಇರುವ ವಸ್ತು ಏನಾದರೂ ಇದ್ದೀತು. ಬರುವ ಭಾನುವಾರ ಅಡುಗೆ ಮುಗಿಸಿದ ಮೇಲೆ ಅರ್ಧ ಗಂಟೆ ಕೂತು ಅದನ್ನೊಮ್ಮೆ ಹುಡುಕಿ. ಕಾಪಿ ಮಾಡಿ, ಕಟ್ ಮಾಡಬೇಡಿ.