ಔಷಧಿಯ ಬಿಲ್ ಬೇಡ ಎನ್ನಬೇಡಿ

ಕೋಲ್ಡ್ರಿಫ್ ಕೆಮ್ಮಿನ ಸಿರಪ್ ನೆನಪಿದೆಯೇ? 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಅದನ್ನು ಕುಡಿದ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಎಸ್‌ಆರ್-13 ಬ್ಯಾಚನ್ನು ತಮಿಳುನಾಡಿನಲ್ಲಿ ಪರೀಕ್ಷಿಸಿದಾಗ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟಿತ್ತು, ಮಿತಿ ಶೇ. 0.1. ಕಾಂಚೀಪುರದ ತಯಾರಕರ ಲೈಸೆನ್ಸ್ ರದ್ದಾಯಿತು.

ಆದರೆ ಅಷ್ಟರಲ್ಲಿ ಮಾರಾಟವಾಗಿದ್ದ ಬಾಟಲಿಗಳನ್ನು ಹುಡುಕುವುದು ಹೇಗೆ? ಬಿಲ್‌ಗಳ ಸರಪಳಿಯಿಂದಲೇ. 1945ರ ಔಷಧ ನಿಯಮಗಳ ಪ್ರಕಾರ ಸಗಟು ವ್ಯಾಪಾರಿಗೆ 20ಬಿ, 21ಬಿ ನಮೂನೆಯ ಲೈಸೆನ್ಸ್, ನಿಮ್ಮ ಬೀದಿಯ ಮೆಡಿಕಲ್ ಶಾಪ್‌ಗೆ 20, 21 ನಮೂನೆಯದು. ಅಂಗಡಿಯವರು ಲೈಸೆನ್ಸ್ ಇರುವವರಿಂದ, ಬಿಲ್ ಪಡೆದೇ ಕೊಳ್ಳಬೇಕು. ಲೈಸೆನ್ಸನ್ನು ಗ್ರಾಹಕರಿಗೆ ಕಾಣುವಂತೆ ತೂಗುಹಾಕಿರಬೇಕು. ಮುಂದಿನ ಸಲ ಹೋದಾಗ ಗೋಡೆ ನೋಡಿ.

"ಬಿಲ್ ಬೇಡವಾದರೆ ಇನ್ನೂ ಕಡಿಮೆಗೆ ಕೊಡ್ತೀನಿ" ಎಂದರೆ ನಾನಾದರೆ ಬೇರೆ ಅಂಗಡಿಗೆ ಹೋಗುತ್ತೇನೆ. ಕೊಂಡ ಲೆಕ್ಕವೇ ಇಲ್ಲದ ಮಾಲು ಆಗಿರಬಹುದು.

ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟಾಗ ಬ್ಯಾಚ್ ಸಂಖ್ಯೆ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಆಗ ಅದು ಬಿಲ್‌ನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದರೂ ಬಿಲ್‌ನಲ್ಲಿ ಮಾರಿದ ಅಂಗಡಿಯ ಹೆಸರು, ಲೈಸೆನ್ಸ್ ಸಂಖ್ಯೆ ಹುಡುಕಿ. ಕಾಣದಿದ್ದರೆ ಮಾತ್ರೆ ನುಂಗುವ ಮೊದಲು ಫೋನ್ ಮಾಡಿ ಕೇಳಿ. ಅನುಮಾನ ಬಂದರೆ ನಿಮ್ಮ ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಿ, ಬಾಟಲಿಯನ್ನೂ ಸ್ಟ್ರಿಪ್ಪನ್ನೂ ಎಸೆಯದೆ ಇಟ್ಟುಕೊಳ್ಳಿ.