ಲಿಪಿಕಾರರನ್ನು ಹುಡುಕುವ ಹೊಣೆ ಯಾರದು?

ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. 2017ರಿಂದ ಅಲ್ಲಿಗೆ ಮೆಟ್ರೋ ಇದೆ, ನಿಲ್ದಾಣಗಳಲ್ಲಿ ಲಿಫ್ಟ್ ಕೂಡ ಇದೆ. ಆದರೆ ದೃಷ್ಟಿಹೀನ ವಿದ್ಯಾರ್ಥಿಯು ಕಾಲೇಜಿನ ಬಾಗಿಲು ತಲುಪಿದ ಮಾತ್ರಕ್ಕೆ ಸಮಸ್ಯೆ ಮುಗಿಯುವುದೇ? ಹೇಳಿದ ಉತ್ತರವನ್ನು ಪರೀಕ್ಷೆಯಲ್ಲಿ ಬರೆದುಕೊಡುವವರು ಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಮೀಸಲಿರಿಸಿದೆ. ಕೇಂದ್ರ ಸರಕಾರದ 2018ರ ಮಾರ್ಗಸೂಚಿಯು ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಸಮಯವನ್ನೂ, ಲಿಪಿಕಾರರನ್ನು ಪರೀಕ್ಷಾ ಸಂಸ್ಥೆಯಿಂದಲೇ ಕೇಳಿ ಪಡೆಯುವ ಅವಕಾಶವನ್ನೂ ನೀಡಿತು. ಬರವಣಿಗೆಯ ತೊಡಕುಳ್ಳವರಿಗೂ ಲಿಪಿಕಾರರ ನೆರವು ಸಲ್ಲಬೇಕೆಂದು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ಇಷ್ಟಾದರೂ ಪರೀಕ್ಷೆ ಸಮೀಪಿಸಿದಾಗ ಪರಿಚಿತರ ಮನೆಬಾಗಿಲು ತಟ್ಟುವ ಪಾಡು ಎಷ್ಟೋ ವಿದ್ಯಾರ್ಥಿಗಳಿಗೆ ತಪ್ಪಿಲ್ಲ. ವಿಕಲಚೇತನರ ಪರವಾಗಿ ನೂರಾರು ಪರೀಕ್ಷೆಗಳನ್ನು ಬರೆದ ಬೆಂಗಳೂರಿನ ಪುಷ್ಪಪ್ರಿಯಾ ಅವರಿಗೆ 2018ರ ಸಾಲಿನ ನಾರಿಶಕ್ತಿ ಪುರಸ್ಕಾರ ಸಂದಿದೆ. ಅವರ ಸೇವೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ವ್ಯಕ್ತಿಯ ಔದಾರ್ಯವು ಸಂಸ್ಥೆಯ ಕರ್ತವ್ಯಕ್ಕೆ ಬದಲಿಯಾಗಲಾರದು. ಲಿಪಿಕಾರರು ಕೊನೆಗಳಿಗೆಯಲ್ಲಿ ಬಾರದೆ ಹೋದರೆ ನಷ್ಟವಾಗುವುದು ವಿದ್ಯಾರ್ಥಿಯ ಒಂದಿಡೀ ವರ್ಷ.

ಆದ್ದರಿಂದ ಪ್ರತಿಯೊಂದು ಕಾಲೇಜೂ ವರ್ಷಾರಂಭದಲ್ಲೇ ಲಿಪಿಕಾರರ ಪಟ್ಟಿಯನ್ನು ಸಿದ್ಧಪಡಿಸಲಿ, ಅವರಿಗೆ ಗೌರವಧನ ನೀಡಲಿ, ಇದಕ್ಕೆ ಒಬ್ಬ ಅಧ್ಯಾಪಕರನ್ನು ಹೊಣೆಗಾರರನ್ನಾಗಿಸಲಿ. ಸೀಟು ಕೊಟ್ಟವರೇ ಪರೀಕ್ಷೆ ಬರೆಯುವ ದಾರಿಯನ್ನೂ ತೆರೆದುಕೊಡಬೇಕು.